ಮಾರುವ ಕಡೆಯ ಪಾಲು

೨೦೧೭ರ ನವೆಂಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಮೇರಿದಾ ನಗರದಲ್ಲಿ ದೋನ್ಯಾ ಎಲ್ಸಿ ಪೆನಿಚೆಯವರ ಹಿತ್ತಲ ಹುಳಿಕಿತ್ತಳೆ ಮರದ ಬುಡದಲ್ಲಿ ಲ್ಯಾಂಡಿ ಪೂಟ್ ಮಂಡಿಯೂರಿ ಕೂತು, ಅಡುಗೆಮನೆಯ ದೊಡ್ಡ ಸೌಟಿನಿಂದ ಮಣ್ಣು ಕೆದಕುತ್ತಿದ್ದಳು. ಅವಳ ಎದುರಿಗೆ, ಅದೇ ಮರದ ಅದೇ ಬುಡಕ್ಕೆ, ವಿಲ್ಬರ್ತ್ ಎಕ್ ಎಂಬವನು ಗಾರೆ ಕೆಲಸದ ಕರಣೆ ಹಿಡಿದು ಕೂತಿದ್ದ. ಇಬ್ಬರೂ ಮನೆ ಮಾರಿಸುವ ದಲ್ಲಾಳಿಗಳು, ಬೇರೆ ಬೇರೆ ಕಚೇರಿಯವರು. ಇಬ್ಬರೂ ಹುಡುಕುತ್ತಿದ್ದದ್ದು ತಾವೇ ಹೂತಿಟ್ಟಿದ್ದ ಸಂತನನ್ನು.

ಮನೆ ಮಾರಾಟವಾಗದೆ ಕೂತರೆ ಸಂತ ಜೋಸೆಫನ ಬೊಂಬೆಯೊಂದನ್ನು ತಂದು ಹಿತ್ತಲಲ್ಲಿ, ಮುಖ ಬೀದಿಯ ಕಡೆಗಿರುವಂತೆ, ತಲೆಕೆಳಗಾಗಿ ಹೂಳುವುದು ಅಲ್ಲಿಯವರ ರೂಢಿ. ಜೋಸೆಫ್ ಬಡಗಿ, ಸಂಸಾರಸ್ಥ, ಮನೆಯ ಬೆಲೆ ಬಲ್ಲವನು. ತಲೆಗೆ ರಕ್ತ ಇಳಿದು ಮೂಗಿಗೆ ಮಣ್ಣು ಮೆತ್ತಿದ ಮೇಲೆ ಎಂಥ ಸಂತನಾದರೂ ಬೇಗನೆ ಒಬ್ಬ ಗಿರಾಕಿಯನ್ನು ಹಿಡಿದು ತಂದು ತಾನೂ ಪಾರಾಗಲು ನೋಡುತ್ತಾನೆ ಎಂಬುದು ಇದರ ಹಿಂದಿನ ತರ್ಕ. ಕರಾರಿಗೆ ಸಹಿ ಬೀಳುವ ಮೊದಲು ಅವನನ್ನು ಮರ್ಯಾದೆಯಿಂದ ಅಗೆದು ತೆಗೆದು, ತೊಳೆದು, ನೆಟ್ಟಗೆ ನಿಲ್ಲಿಸಬೇಕು. ಆ ಊರಿನಲ್ಲಿ ಮಸಾಲೆ ಸವರಿದ ಹಂದಿಯನ್ನೂ ಕೆಂಡದ ಗುಂಡಿಯಲ್ಲಿ ಹೂಳುತ್ತಾರೆ, ಸಂತನನ್ನೂ ಹೂಳುತ್ತಾರೆ. ಎರಡೂ ಹದವಾಗಿ ಬೇಯಬೇಕು.

ಮೇರಿದಾದ ನೆಲ ಸುಣ್ಣಕಲ್ಲಿನದು. ಒಂದು ಗೇಣು ಅಗೆದರೆ ಹಾಸುಬಂಡೆ ಖಣಿಲ್ ಅನ್ನುತ್ತದೆ. ದೋನ್ಯಾ ಎಲ್ಸಿಯವರ ಇಡೀ ಹಿತ್ತಲಲ್ಲಿ ಬೊಂಬೆ ಮುಳುಗುವಷ್ಟು ಮಣ್ಣಿದ್ದ ಜಾಗ ಆ ಕಿತ್ತಳೆ ಮರದ ಬುಡ ಒಂದೇ. ಹಾಗಾಗಿ ಮನೆಯ ಕಬ್ಬಿಣದ ಬೇಲಿಗೆ ‘ಮಾರಾಟಕ್ಕಿದೆ’ ಎಂಬ ಫಲಕ ಕಟ್ಟಿದ ಮೂರೂ ಕಚೇರಿಯವರು, ಒಬ್ಬರಿಗೆ ತಿಳಿಯದಂತೆ ಒಬ್ಬರು, ಅಲ್ಲೇ ಹೂತಿದ್ದರು.

“ಸೌಟಲ್ಲಿ ಏನು ಅಗೀತೀಯ ಕೆಮಿಸ್ಟ್ರಿ ಮೇಡಮ್ಮ, ಸಾರು ಬಡಿಸ್ತಾ ಇದೀಯಾ?” ಎಂದ ವಿಲ್ಬರ್ತ್.

ಲ್ಯಾಂಡಿ ರಸಾಯನಶಾಸ್ತ್ರ ಓದಿದವಳು. ತಂಪು ಪಾನೀಯದ ಕಾರ್ಖಾನೆಯೊಂದರ ಪ್ರಯೋಗಾಲಯ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದಿದ್ದಳು. “ಕರಣೆಯಿಂದ ಹೊಡೆದು ಸಂತನ ಕುತ್ತಿಗೆ ಕತ್ತರಿಸೋದಕ್ಕಿಂತ ಸೌಟು ವಾಸಿ,” ಅಂದಳು.

“ನನ್ನ ಸಂತ ಪ್ಲಾಸ್ಟಿಕ್‌ದು. ಲಾರಿ ಹತ್ತಿದ್ರೂ ಏನೂ ಆಗಲ್ಲ.”

“ಭಕ್ತಿನೂ ಅದೇ ಅಂಗಡೀದಾ?”

“ಜಗಳ ಬೇಡ ಮಕ್ಕಳೇ,” ಎಂದರು ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ದೋನ್ಯಾ ಎಲ್ಸಿ. ದೋನ್ಯಾ ಅಂದರೆ ಅಲ್ಲಿ ಅಮ್ಮಾವ್ರು, ದೋನ್ ಅಂದರೆ ಯಜಮಾನರು. ಎಪ್ಪತ್ತೆರಡರ ವಿಧವೆ, ಮನೆ ಮಾರಿ ಕಂಪೆಚೆಯಲ್ಲಿರುವ ತಂಗಿಯ ಹತ್ತಿರ ಹೋಗುವುದೆಂದು ಗೊತ್ತು ಮಾಡಿಕೊಂಡಿದ್ದರು. “ಸಂತರಿಗೆ ಕಿವಿ ಕೇಳಿಸುತ್ತೆ. ತಲೆ ಕೆಳಗಿದ್ರೂ ಕೇಳಿಸುತ್ತೆ.”

ಜಗಳದ ಬೇರು ಇದ್ದದ್ದು ಪಾಲಿನಲ್ಲಿ. ಮನೆ ಹದಿನೆಂಟು ಲಕ್ಷ ಪೆಸೊಗೆ ಕುದುರಿತ್ತು. ದಲ್ಲಾಳಿ ಹಣ ನೂರಕ್ಕೆ ಐದು, ಅಂದರೆ ತೊಂಬತ್ತು ಸಾವಿರ. ಇದರಲ್ಲಿ ಅರ್ಧ ಕೊಳ್ಳುವವರನ್ನು ಕರೆತಂದ ಕಚೇರಿಗೆ, ಇನ್ನರ್ಧ ಮಾರುವವರ ಪರವಾಗಿ ನಿಂತ ಕಚೇರಿಗೆ. ಪ್ರತಿ ಕಚೇರಿಯೂ ತನಗೆ ಬಂದದ್ದನ್ನು ಮತ್ತೆ ಎರಡು ಮಾಡಿ, ಬಿಸಿಲಲ್ಲಿ ಓಡಾಡಿದ ದಲ್ಲಾಳಿಗೆ ಒಂದು ಹೋಳು ಕೊಟ್ಟು, ಫ್ಯಾನಿನಡಿ ಕೂತ ಮಾಲೀಕನ ಹೆಸರಿಗೆ ಇನ್ನೊಂದು ಹೋಳು ಇಟ್ಟುಕೊಳ್ಳುತ್ತದೆ. ಮನೆ ಕೊಳ್ಳಲಿದ್ದ ದೋನ್ ಫೆರ್ಮಿನ್ ಎಂಬವರನ್ನು ತಂದವನು ವಿಲ್ಬರ್ತ್. ಅದರಲ್ಲಿ ಯಾರಿಗೂ ತಕರಾರಿರಲಿಲ್ಲ. ಪ್ರಶ್ನೆ ಇದ್ದದ್ದು ಮಾರುವ ಕಡೆಯ ಪಾಲಿನದು. ಮೂರು ಕಚೇರಿಗೂ ಮನೆ ಒಪ್ಪಿಸಿದ್ದ ದೋನ್ಯಾ ಎಲ್ಸಿ ಮೂವರಿಗೂ ಪ್ರತ್ಯೇಕವಾಗಿ ಒಂದೇ ಮಾತು ಕೊಟ್ಟಿದ್ದರು: ‘ಯಾರ ಜೋಸೆಫ್ ಮನೆ ಮಾರ್ತಾನೋ ನನ್ನ ಕಡೆಯ ಪಾಲು ಅವರದ್ದು.’

ವಿಲ್ಬರ್ತ್‌ಗೆ ಅದೂ ದಕ್ಕಿದರೆ ಎರಡೂ ಕೈಯಲ್ಲಿ ಲಾಡು. ಲ್ಯಾಂಡಿಗೆ ವಿಷಯ ಬೇರೆ. ಅವಳ ಕಚೇರಿಯ ಮಾಲೀಕ ದೋನ್ ರೆನಾನ್ ಬೆಕ್ಕುಗಳಿಗೆ ಬೆಣ್ಣೆ ಹಂಚುವ ಕೋತಿಯ ಜಾತಿಗೆ ಸೇರಿದವರು. ಎಲ್ಲ ದಲ್ಲಾಳಿಗಳಿಗೂ ನೂರಕ್ಕೆ ಐವತ್ತು. ಒಂದು ವರ್ಷದಲ್ಲಿ ಆರು ಇಡೀ ಪಾಲು ತಂದವರಿಗೆ ಮಾತ್ರ ಮರುವರ್ಷದಿಂದ ಅರವತ್ತು. ಬೇರೊಬ್ಬರೊಡನೆ ಹಂಚಿಕೊಂಡ ಪಾಲು ಅರ್ಧವೆಂದು ಲೆಕ್ಕ. ನಾಲ್ಕು ವರ್ಷದಿಂದ ಐವತ್ತರಲ್ಲೇ ಇದ್ದ ಲ್ಯಾಂಡಿ ಈ ವರ್ಷ ಐದು ಇಡೀ ಪಾಲು ತಂದಿದ್ದಳು. ಅರವತ್ತು ಬಂದರೆ ಸಂಜೆ ಹೊತ್ತು ಆಕಳಿಸುವ ಹುಡುಗರಿಗೆ ಆಮ್ಲ-ಪ್ರತ್ಯಾಮ್ಲ ಹೇಳಿಕೊಡುವ ಟ್ಯೂಷನ್ನಿಗೆ ಕೈ ಮುಗಿಯಬಹುದಿತ್ತು. ವರ್ಷ ಮುಗಿಯಲು ಆರೇಳು ವಾರ ಉಳಿದಿತ್ತು. ಆರನೆಯ ಪಾಲು ಈ ಕಿತ್ತಳೆ ಮರದ ಬುಡದಲ್ಲಿತ್ತು.

ಕರಣೆಗೆ ಏನೋ ತಾಗಿತು. ವಿಲ್ಬರ್ತ್ ಬೆರಳಿಂದ ಬಿಡಿಸಿ ಎತ್ತಿದ. ಬಿಳಿ ಗಡ್ಡದ ಮಣ್ಣಿನ ಜೋಸೆಫ್, ಮೂರನೆಯ ಕಚೇರಿಯವರದ್ದು. ಮಗ್ಗುಲಾಗಿ ಬಿದ್ದುಕೊಂಡಿತ್ತು.

“ನಿದ್ದೆ ಹೊಡೀತಿದ್ದಾನೆ,” ಎಂದರು ದೋನ್ಯಾ ಎಲ್ಸಿ. “ಇವನನ್ನ ತಂದವರೂ ಫಲಕ ಕಟ್ಟಿ ಹೋದವರು ಈ ಕಡೆ ತಲೆ ಹಾಕಿಲ್ಲ. ಪಕ್ಕಕ್ಕಿಡು.”

ಎರಡನೆಯದು ವಿಲ್ಬರ್ತ್‌ನದೇ. ಬೆನ್ನಿಗೆ ಅವನ ವಿಸಿಟಿಂಗ್ ಕಾರ್ಡನ್ನು ಟೇಪಿನಿಂದ ಅಂಟಿಸಲಾಗಿತ್ತು. ತಲೆ ಕೆಳಗೆ, ಕಾಲು ಮೇಲೆ, ಶಾಸ್ತ್ರ ಪ್ರಕಾರ ನಿಂತಿದ್ದ. ಆದರೆ ದೋನ್ಯಾ ಎದ್ದು ಬಂದು ಬಗ್ಗಿ ನೋಡಿ, “ಮುಖ ಎತ್ತ ಕಡೆ ಇದೆ?” ಅಂದರು.

“ಬೀದಿ ಕಡೆ ದೋನ್ಯಾ.”

“ಬೀದಿ ಆ ಕಡೆ ಕಣಪ್ಪ. ಇದು ಪಕ್ಕದ ಗೋಡೆ. ನಿನ್ನ ಸಂತ ಪಕ್ಕದ ಮನೆ ನೋಡ್ತಾ ನಿಂತಿದ್ದ. ಆ ಮನೆ ಹೋದ ತಿಂಗಳು ಮಾರಾಟ ಆಯ್ತು.”

“ಆಯ್ತಾ? ಯಾರು ಮಾರಿಸಿದ್ರು?”

“ಯಾರೋ ಕಾನ್ಕೂನ್‌ನವರಂತೆ. ಒಂದು ಪೆಸೊ ಖರ್ಚಿಲ್ಲದೆ ನಿನ್ನ ಸಂತನನ್ನ ದುಡಿಸಿಕೊಂಡ್ರು.”

ವಿಲ್ಬರ್ತ್‌ನ ಮುಖ ನೋಡಿ ಲ್ಯಾಂಡಿಗೆ ನಗು ಬಂತು. ಅದನ್ನು ಅವಳು ಸೌಟಿನೊಳಗೆ ನುಂಗಿಕೊಂಡಳು. ಎರಡು ನಿಮಿಷದಲ್ಲಿ ಅವಳ ಸೌಟಿಗೂ ಗಂಟೊಂದು ಸಿಕ್ಕಿತು. ಗಾಜಿನ ಶೀಶೆಗಳನ್ನು ಸುತ್ತುವ ಕ್ರಮದಲ್ಲಿ ಬಿಳಿ ಬಟ್ಟೆ ಸುತ್ತಿ ದಾರ ಕಟ್ಟಿ ಅವಳೇ ಹೂತದ್ದು. ಅದರಲ್ಲಿ ಅವಳು ಮೈಗಳ್ಳತನ ಮಾಡಿರಲಿಲ್ಲ. ಫೋನಿನ ದಿಕ್ಸೂಚಿ ಹಿಡಿದು, ಬೀದಿಯ ದಿಕ್ಕು ನೋಡಿ, ಮುಖದ ಕಡೆ ಬಟ್ಟೆಯ ಮೇಲೆ ಒಂದು ಚುಕ್ಕೆಯಿಟ್ಟು ಹೂತಿದ್ದಳು. ಚುಕ್ಕೆ ಈಗಲೂ ನೇರ ಬೀದಿಯ ಕಡೆಗಿತ್ತು.

“ನೋಡಿ ದೋನ್ಯಾ. ಒಂದು ಡಿಗ್ರಿನೂ ಅಲ್ಲಾಡಿಲ್ಲ.”

“ಹೂಂ, ಇವನು ಕೆಲಸ ಮಾಡಿದ್ದಾನೆ,” ಎಂದರು ದೋನ್ಯಾ ಎಲ್ಸಿ. “ಪಾಲು ನಿನ್ನದೇ ಕಣಮ್ಮ. ಬಿಚ್ಚು, ಮುಖ ತೊಳೆಯೋಣ.”

ಲ್ಯಾಂಡಿ ದಾರ ಬಿಚ್ಚಿದಳು. ಮನಸ್ಸಿನಲ್ಲಿ ಆಗಲೇ ಕೊನೆಯ ಟ್ಯೂಷನ್ ಹುಡುಗನ ಬೆನ್ನು ತಟ್ಟಿ ಕಳಿಸಿ ಬಾಗಿಲು ಹಾಕಿಕೊಂಡಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತ ಇದಕ್ಕೇ ಅನ್ನುವುದು. ಬಟ್ಟೆ ಸರಿಯಿತು. ಕಂದು ನಿಲುವಂಗಿ, ಒಂದು ತೋಳಿನಲ್ಲಿ ಬಾಲ ಯೇಸು, ಇನ್ನೊಂದು ಕೈಯಲ್ಲಿ ಲಿಲ್ಲಿ ಹೂ. ಎಲ್ಲ ಸರಿಯಾಗಿತ್ತು. ಮುಖ ಮಾತ್ರ ನುಣ್ಣಗಿತ್ತು, ನಡುನೆತ್ತಿ ಬೋಳಿಸಿತ್ತು.

ವಿಲ್ಬರ್ತ್ ಕರಣೆ ಕೆಳಗಿಟ್ಟು ಹತ್ತಿರ ಬಗ್ಗಿದ.

“ಗಡ್ಡ ಎಲ್ಲಿ?” ಎಂದ ವಿಲ್ಬರ್ತ್.

“ಮಣ್ಣಿನ ತೇವಕ್ಕೆ…” ಎಂದಳು ಲ್ಯಾಂಡಿ. ಹೇಳುವಾಗಲೇ, ಸುಟ್ಟ ಮಣ್ಣಿನ ಗಡ್ಡ ತೇವಕ್ಕೆ ಕರಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಮಾರಾಯ್ತಿ, ಇವನು ಜೋಸೆಫ್ ಅಲ್ಲ ಕಣೇ. ಇವನು ಅಂತೋಣಿ!” ವಿಲ್ಬರ್ತ್ ನೆಲದ ಮೇಲೆ ಕೂತೇ ಬಿಟ್ಟ. “ಮದುವೆ ಆಗದ ಹುಡುಗಿಯರು ತಲೆಕೆಳಗೆ ನಿಲ್ಲಿಸಿ ಗಂಡು ಕೊಡಿಸು ಅಂತ ಪೀಡಿಸ್ತಾರಲ್ಲ, ಆ ಸಂತ ಅಂತೋಣಿ. ಇವನಿಗೂ ಮನೆಗೂ ಏನು ಸಂಬಂಧ?”

ತಪ್ಪು ಹೇಗಾಯಿತೆಂದು ಲ್ಯಾಂಡಿಗೆ ಒಂದೇ ಕ್ಷಣದಲ್ಲಿ ಹೊಳೆಯಿತು. ಅವಳು ಬೆಳೆದದ್ದು ಸಂತರನ್ನು ಪೂಜಿಸದ ಪ್ರೆಸ್ಬಿಟೇರಿಯನ್ ಪಂಗಡದ ಮನೆಯಲ್ಲಿ. ಅವರ ಗೋಡೆಯ ಮೇಲೆ ಸಂತರಿರಲಿಲ್ಲ, ಕ್ಯಾಲೆಂಡರು ಮಾತ್ರ ಇತ್ತು. ಆಗಸ್ಟ್ ಕೊನೆಯಲ್ಲಿ, ಮಾರುಕಟ್ಟೆ ಮುಚ್ಚುವ ಹೊತ್ತಿಗೆ, ‘ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಹೂ ಇರೋ ಸಂತನ್ನ ಕೊಡಿ, ತಲೆಕೆಳಗೆ ಇಡಬೇಕು’ ಎಂದು ಕೇಳಿದ್ದಳು. ಅಂಗಡಿಯಾಕೆ ಅವಳ ಉಂಗುರವಿಲ್ಲದ ಬೆರಳು ನೋಡಿ, ಕನಿಕರದಿಂದ ಐದು ಪೆಸೊ ಕಡಿಮೆ ಮಾಡಿ ಇದನ್ನು ಕೊಟ್ಟಿದ್ದಳು. ಆ ಕನಿಕರದ ಅರ್ಥ ಅವಳಿಗೆ ಈಗ ಆಯಿತು.

“ಪಾಲು ನಂದೇ ಆಯ್ತಲ್ಲ ದೋನ್ಯಾ,” ಎಂದ ವಿಲ್ಬರ್ತ್, ಮೊಣಕಾಲಿನ ಮಣ್ಣು ಕೊಡವುತ್ತ. “ಒಬ್ಬ ನಿದ್ದೆ ಹೊಡೆದ, ಒಬ್ಬ ಜೋಸೆಫೇ ಅಲ್ಲ. ನನ್ನವನು ಪಕ್ಕದ ಮನೆ ಮುಗಿಸಿಕೊಂಡು ಆಮೇಲೆ ಈ ಕಡೆ ಗಮನ ಕೊಟ್ಟಿದ್ದಾನೆ. ಸಾಲಾಗಿ ಕೆಲಸ ಮಾಡೋನು. ಏನಂತೀಯ ಕೆಮಿಸ್ಟ್ರಿ ಮೇಡಮ್ಮ?”

ಲ್ಯಾಂಡಿ ಸೌಟಿನ ಮಣ್ಣು ಒರೆಸುತ್ತಿದ್ದಳು. ಒಂದು ಬಾಟಲಿಯ ಚೀಟಿ ಓದದೆ ಇನ್ನೊಂದಕ್ಕೆ ಸುರಿದವರನ್ನು ಪ್ರಯೋಗಾಲಯದಲ್ಲಿ ಅವಳೇ ಎಷ್ಟು ಸಲ ಬೈದಿರಲಿಲ್ಲ.

ದೋನ್ಯಾ ಎಲ್ಸಿ ಅಂತೋಣಿಯನ್ನು ಕೈಗೆತ್ತಿಕೊಂಡು ಸೆರಗಿಲ್ಲದ್ದಕ್ಕೆ ಏಪ್ರನ್ನಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಇವನನ್ನ ಯಾವತ್ತು ಹೂತೆ ಮಗಳೇ?” ಎಂದು ಮೆಲ್ಲಗೆ ಕೇಳಿದರು.

“ಆಗಸ್ಟ್ ಕೊನೇ ವಾರ ದೋನ್ಯಾ. ತಪ್ಪಾಯ್ತು.”

“ದೋನ್ ಫೆರ್ಮಿನ್ ಮೊದಲನೇ ಸಲ ಬಂದದ್ದು?”

“ಸೆಪ್ಟೆಂಬರ್ ಮೊದಲನೇ ವಾರ,” ಎಂದ ವಿಲ್ಬರ್ತ್ ಹೆಮ್ಮೆಯಿಂದ. “ನಾನೇ ಕರೆದುಕೊಂಡು ಬಂದೆ.”

ಮುದುಕಿಯ ಕೆನ್ನೆ ಕೆಂಪಾಯಿತು. ಬೊಂಬೆಯನ್ನು ಎದೆಗೊತ್ತಿಕೊಂಡು ಒಳಗೆ ಹೋಗಿಬಿಟ್ಟರು.

ದೋನ್ ಫೆರ್ಮಿನ್ ಕವಿಚ್ ಮನೆ ಕೊಳ್ಳುವವರು. ಬಸ್ ಓಡಿಸಿ ನಿವೃತ್ತರಾದ ವಿಧುರ. ಕಡಲ ದಂಡೆಯ ತುಂಡು ಜಮೀನು ಮಾರಿದ ದುಡ್ಡಿತ್ತು. ಅವರ ಈಗಿನ ಮನೆಗೆ ಮಹಡಿ ಮೆಟ್ಟಿಲಿದ್ದು, ಮೊಣಕಾಲು ಅದನ್ನು ಒಪ್ಪುತ್ತಿರಲಿಲ್ಲ. ವಿಲ್ಬರ್ತ್ ತೋರಿಸಿದ ಮೇಲೆ ಅವರು ತಾವಾಗಿಯೇ ಮತ್ತೆ ಮತ್ತೆ ಬಂದಿದ್ದರು. ಒಮ್ಮೆ ನಲ್ಲಿ ನೋಡಲು, ಒಮ್ಮೆ ಗಾಳಿ ನೋಡಲು, ಒಮ್ಮೆ ನಲ್ಲಿಯನ್ನು ಇನ್ನೊಮ್ಮೆ ನೋಡಲು. ಒಂದು ಸಲ ಲ್ಯಾಂಡಿಯ ಎದುರೇ ಗೋಡೆಯ ಕೊಕ್ಕೆಗಳನ್ನು ಮುಟ್ಟಿ ನೋಡಿ, ಮಲಗುವ ಕೋಣೆಯಲ್ಲಿ ಬಲೆಯ ಎರಡು ತೂಗುಮಂಚ ಒಂದಕ್ಕೊಂದು ತಾಗದಂತೆ ಕಟ್ಟಬಹುದೇ ಎಂದು ಕೇಳಿದ್ದರು. ಅವಳು ಅಳೆದು, ಕಟ್ಟಬಹುದು ಅಂದಿದ್ದಳು. ಒಂಟಿ ಮನುಷ್ಯನಿಗೆ ಎರಡು ತೂಗುಮಂಚ ಯಾಕೆಂದು ಅಳೆಯುವವರು ಕೇಳುವುದಿಲ್ಲ.

ಹನ್ನೊಂದಕ್ಕೆ ಅವರು ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಬೇಕರಿಯ ಪೊಟ್ಟಣ. ಹಿತ್ತಲಲ್ಲಿ ಮಣ್ಣಾದ ಇಬ್ಬರನ್ನೂ, ಸಾಲಾಗಿ ಮಲಗಿಸಿದ ಇಬ್ಬರು ಜೋಸೆಫರನ್ನೂ ನೋಡಿ, “ಅಪಘಾತವಾ?” ಎಂದರು.

ದೋನ್ಯಾ ಎಲ್ಸಿ ಹೊರಗೆ ಬಂದರು. ತಲೆ ಬಾಚಿಕೊಂಡಿದ್ದರು. “ದೋನ್ ಫೆರ್ಮಿನ್, ಭಾನುವಾರ ನೀವು ಒಂದು ಮಾತು ಕೇಳಿದ್ರಿ.”

“ಕೇಳಿದ್ದೆ,” ಎಂದರು ಅವರು, ದಲ್ಲಾಳಿಗಳ ಕಡೆ ನೋಡದೆ.

“ಮೇಲಿನಿಂದ ಏನಾದ್ರೂ ಸೂಚನೆ ಬರಲಿ, ಆಮೇಲೆ ಹೇಳ್ತೀನಿ ಅಂದಿದ್ದೆ.”

“ಬಂತಾ?”

“ಮೇಲಿನಿಂದ ಅಲ್ಲ, ಕೆಳಗಿನಿಂದ ಬಂತು. ಈ ಹುಡುಗಿ ಅಗೆದಳು.” ಅಂತೋಣಿಯನ್ನು ತೋರಿಸಿದರು. “ಎರಡೂವರೆ ತಿಂಗಳಿಂದ ನನ್ನ ಹಿತ್ತಲಲ್ಲಿ ತಲೆ ಮೇಲೆ ನಿಂತು ನಿಮ್ಮನ್ನ ಎಳೀತಾ ಇದ್ದನಂತೆ. ನಾನು ಬೇಡ ಅಂದ್ರೆ ಅವನು ಸುಮ್ಮನಿರ್ತಾನಾ? ಆಯ್ತು. ನನಗೆ ಒಪ್ಪಿಗೆ.”

ದೋನ್ ಫೆರ್ಮಿನ್ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟು, ಅದನ್ನು ಮರೆತು, ಅದರ ಮೇಲೆಯೇ ಕೂತರು.

ಮೊದಲು ಲೆಕ್ಕ ಹೊಳೆದದ್ದು ವಿಲ್ಬರ್ತ್‌ಗೆ. “ಸಂತೋಷ ದೋನ್ಯಾ, ತುಂಬಾ ಸಂತೋಷ. ಹಾಗಾದ್ರೆ ಗುರುವಾರ ಸಹಿ ಮುಗಿಸಿ ಶುಕ್ರವಾರ ಮದುವೆ ಇಟ್ಕೊಳ್ಳಿ.”

“ಯಾವ ಸಹಿ?”

“ಮನೆದು.”

“ನನ್ನ ಗಂಡನಿಗೆ ನಾನೇ ಮನೆ ಮಾರಬೇಕಾ? ತಲೆ ಕೆಟ್ಟಿದೆಯಾ ನಿನಗೆ? ಮನೆ ಮಾರಾಟಕ್ಕಿಲ್ಲ.”

ಲ್ಯಾಂಡಿಯ ಕೈಯಿಂದ ಸೌಟು ಜಾರಿತು. ತೊಂಬತ್ತು ಸಾವಿರವೂ ಅದರ ಅರ್ಧವೂ ಅರ್ಧದ ಅರ್ಧವೂ ಹುಳಿಕಿತ್ತಳೆಯ ನೆರಳಿನಲ್ಲಿ ಆವಿಯಾಗುತ್ತಿರುವುದು ಅವಳಿಗೆ ಕಂಡಂತೆಯೇ ಆಯಿತು. ಆದರೆ ವಿಲ್ಬರ್ತ್ ಅಷ್ಟು ಸುಲಭಕ್ಕೆ ಬಿಡುವ ಪೈಕಿ ಅಲ್ಲ.

“ಒಂದು ನಿಮಿಷ ದೋನ್ ಫೆರ್ಮಿನ್. ನಿಮಗೆ ಮನೆ ಬೇಕು ಅಂದ್ರಿ. ನಾನು ತೋರಿಸಿದೆ. ಈಗ ನೀವು ಈ ಮನೇಲೇ ಇರ್ತೀರಿ. ಅಂದ್ಮೇಲೆ ಮನೆ ಸಿಕ್ಕ ಹಾಗೇ ಅಲ್ವಾ? ನನ್ನ ದಲ್ಲಾಳಿ ಹಣ?”

“ಎಷ್ಟರ ಮೇಲೆ ಐದು ಪರ್ಸೆಂಟ್ ಹಾಕ್ತೀಯಪ್ಪ?” ಎಂದರು ದೋನ್ಯಾ ಎಲ್ಸಿ. “ಮನೆಗೆ ಬೆಲೆ ಇತ್ತು. ನನಗೆ ಎಷ್ಟು ಕಟ್ತೀಯ ಹೇಳು, ಕೇಳೋಣ.”

ವಿಲ್ಬರ್ತ್ ಬಾಯಿ ತೆರೆದ. ಯಾವ ಸಂಖ್ಯೆ ಹೇಳಿದರೂ ಏಟು ತಪ್ಪದೆಂದು ತಿಳಿದು ಮುಚ್ಚಿದ.

“ಮದುವೆ ಊಟದಲ್ಲಿ ಹಂದಿಯ ಐದು ಪರ್ಸೆಂಟ್ ನಿನಗೆ,” ಎಂದು ದೋನ್ ಫೆರ್ಮಿನ್ ಸಮಾಧಾನ ಹೇಳಿದರು.

“ಅದರಲ್ಲೂ ಅರ್ಧ ಕಚೇರಿಗೆ ಕೊಡಬೇಕು,” ಎಂದಳು ಲ್ಯಾಂಡಿ. ಹೇಳಿದ ಮೇಲೆ ಅವಳಿಗೇ ನಗು ತಡೆಯಲಾಗಲಿಲ್ಲ. ವಿಲ್ಬರ್ತ್ ಕೂಡ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ.

ಚಪ್ಪಟೆಯಾದ ಬನ್ನುಗಳನ್ನು ಕಾಫಿಯೊಂದಿಗೆ ತಿನ್ನುವಾಗ ದೋನ್ಯಾ ಎಲ್ಸಿ ಇದ್ದಕ್ಕಿದ್ದಂತೆ ಕೇಳಿದರು, “ನಿಮ್ಮ ಮಹಡಿ ಮನೆ ಏನು ಮಾಡ್ತೀರಿ?”

“ಬೀಗ ಹಾಕ್ತೀನಿ.”

“ಬೀಗ ಹಾಕಿದ ಮನೆಗೆ ಗೆದ್ದಲೇ ಒಡೆಯ. ಎರಡು ಮನೆ ಧೂಳು ಹೊಡೆಯೋಕೆ ನಾನು ಒಪ್ಪಿಲ್ಲ. ಮಾರಿ.”

ಎರಡು ಕಾಫಿ ಬಟ್ಟಲು ಒಂದೇ ಸಲ ಕೆಳಗಿಳಿದವು. “ದೋನ್ ಫೆರ್ಮಿನ್ ನನ್ನ ಗಿರಾಕಿ,” ಎಂದ ವಿಲ್ಬರ್ತ್. “ದೋನ್ಯಾ ಎಲ್ಸಿ ನನ್ನ ಕಡೆಯವರು, ಮಾರಿ ಅಂದದ್ದು ಅವರು,” ಎಂದಳು ಲ್ಯಾಂಡಿ. ಇಡೀ ಪಾಲು ಮತ್ತೆ ಮೇಜಿನ ಮೇಲೆ ಬಂದು ಕೂತಿತ್ತು. ಈ ಸಲ ಅದಕ್ಕೆ ಮಹಡಿಯೂ ಇತ್ತು.

ದೋನ್ಯಾ ಎಲ್ಸಿ ಲ್ಯಾಂಡಿಯ ಕಡೆ ತಿರುಗಿದರು. “ನೀನೇ ಹೇಳಮ್ಮ. ಓದಿದವಳು. ನೀನು ಹೇಳಿದ ಹಾಗೇ ಮಾಡೋಣ. ನಿನ್ನ ಅಂತೋಣಿ ನನಗೆ ಒಳ್ಳೇದು ಮಾಡಿದ್ದಾನೆ, ನೀನು ‘ಇಡೀ ಪಾಲು ನನಗೆ’ ಅಂದ್ರೆ ನಿನಗೇ.”

ಲ್ಯಾಂಡಿ ‘ನನಗೆ’ ಎಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಟ್ಟಲಿನ ತಳದ ಕಾಫಿಪುಡಿ ನೋಡುತ್ತ ಅವಳು ಮನಸ್ಸಿನಲ್ಲೇ ಪ್ರಯೋಗವನ್ನು ಹಿಂದಕ್ಕೆ ನಡೆಸಿದಳು. ಅಂತೋಣಿ ಇಲ್ಲದಿದ್ದರೆ ದೋನ್ಯಾ ಒಪ್ಪುತ್ತಿರಲಿಲ್ಲ, ಅದು ಸರಿ. ಆದರೆ ವಿಲ್ಬರ್ತ್ ಕರೆತರದಿದ್ದರೆ ಒಪ್ಪಲು ಗಂಡೇ ಇರುತ್ತಿರಲಿಲ್ಲ. ಎರಡು ದ್ರವ ಸೇರಿದಾಗ ಬಣ್ಣ ಬಂದರೆ, ಬಣ್ಣ ಯಾವ ದ್ರವದ್ದೆಂದು ಕೇಳುವುದು ಮೂರ್ಖ ಪ್ರಶ್ನೆ ಎಂದು ಅವಳೇ ಹುಡುಗರಿಗೆ ಹೇಳಿಕೊಡುತ್ತಿದ್ದಳು.

“ಅರ್ಧ ಅರ್ಧ,” ಎಂದಳು. ಹೇಳುವಾಗ ಹಲ್ಲುನೋವಿನಂಥದ್ದೇನೋ ಆಯಿತು.

“ಕೆಮಿಸ್ಟ್ರಿ ಮೇಡಮ್ಮ,” ಎಂದ ವಿಲ್ಬರ್ತ್, “ನಾನಾಗಿದ್ರೆ ಕೊಡ್ತಿರಲಿಲ್ಲ.”

“ಗೊತ್ತು. ಅದಕ್ಕೇ ನಿನ್ನನ್ನ ಕೇಳಲಿಲ್ಲ.”

ಮಹಡಿ ಮನೆ ಡಿಸೆಂಬರ್ ಮೂರನೆಯ ವಾರದಲ್ಲಿ ಹದಿನಾಲ್ಕು ಲಕ್ಷಕ್ಕೆ ಹೋಯಿತು. ಯಾರನ್ನೂ ಹೂಳಬೇಕಾಗಲಿಲ್ಲ. ಮೊಣಕಾಲು ಗಟ್ಟಿಯಿದ್ದ ಎಳೆಯ ಗಂಡಹೆಂಡಿರು ಮೆಟ್ಟಿಲನ್ನು ಮೆಚ್ಚಿಕೊಂಡೇ ಕೊಂಡರು. ಆ ಎಳೆಯರನ್ನು ತಂದ ಕಚೇರಿಗೆ ಮೂವತ್ತೈದು ಸಾವಿರ; ಮಾರುವ ಕಡೆಯ ಮೂವತ್ತೈದರಲ್ಲಿ ಅರ್ಧ ವಿಲ್ಬರ್ತ್‌ನ ಕಚೇರಿಗೆ, ಅರ್ಧ ದೋನ್ ರೆನಾನರಿಗೆ; ಅದರಲ್ಲಿ ಅರ್ಧ ಲ್ಯಾಂಡಿಗೆ. ಎಂಟು ಸಾವಿರದ ಏಳುನೂರ ಐವತ್ತು ಪೆಸೊ.

ವರ್ಷದ ಕೊನೆಯ ಶುಕ್ರವಾರ ದೋನ್ ರೆನಾನ್ ಅವಳನ್ನು ತಮ್ಮ ಕೋಣೆಗೆ ಕರೆದರು. ಗುಂಡು ಮುಖ, ಸದಾ ಕರವಸ್ತ್ರದಿಂದ ಕುತ್ತಿಗೆ ಒರೆಸುವ ಅಭ್ಯಾಸ.

“ಐದೂವರೆ ಕಣಮ್ಮ ಲ್ಯಾಂಡಿ. ಅಯ್ಯೋ ಅನ್ನಿಸುತ್ತೆ. ಕೂದಲೆಳೆಯಲ್ಲಿ ತಪ್ಪಿತು. ಮುಂದಿನ ವರ್ಷ ನೋಡೋಣ.”

“ಐದು ತಂದವರಿಗೆ ಎಷ್ಟು, ದೋನ್ ರೆನಾನ್?”

“ಐವತ್ತು.”

“ಆರು ತಂದವರಿಗೆ?”

“ಅರವತ್ತು. ಗೊತ್ತಿರೋದೇ ಅಲ್ವಾ.”

“ಐದೂವರೆಗೆ?”

“ಐವತ್ತೇ. ಅರ್ಧ ಪಾಲನ್ನ ಪಾಲು ಅಂತ ಹಿಡಿಯೋಕೆ ಆಗಲ್ಲ.”

“ಸರಿ,” ಎಂದಳು ಲ್ಯಾಂಡಿ. “ಪಾಲು ಅಲ್ಲ ಅಂದ್ಮೇಲೆ ಅದರಲ್ಲಿ ಕಚೇರಿಗೆ ಪಾಲು ಬರಲ್ಲ. ನೀವು ಇಟ್ಟುಕೊಂಡ ಎಂಟು ಸಾವಿರದ ಏಳುನೂರ ಐವತ್ತು ವಾಪಸ್ ಕೊಡಿ.”

ದೋನ್ ರೆನಾನ್ ಕುತ್ತಿಗೆ ಒರೆಸುವುದನ್ನು ನಿಲ್ಲಿಸಿದರು. “ಅದು ಹೇಗಮ್ಮ? ಅದು ವ್ಯಾಪಾರ ಆಗಿದೆಯಲ್ಲ.”

“ಎಷ್ಟು ಆಗಿದೆ?”

“ಅರ್ಧ.”

“ನಿಮ್ಮ ಜೇಬಿಗೆ ಬರುವಾಗ ಅರ್ಧ, ನನ್ನ ಲೆಕ್ಕಕ್ಕೆ ಬರುವಾಗ ಸೊನ್ನೆ. ಒಂದೇ ವಸ್ತುವಿಗೆ ಎರಡು ತೂಕ ಇರಲ್ಲ ದೋನ್ ರೆನಾನ್. ಒಂದೋ ದುಡ್ಡು ಕೊಡಿ, ಇಲ್ಲ ಅರ್ಧ ಅಂತ ಒಪ್ಪಿಕೊಳ್ಳಿ.”

“ಒಪ್ಪಿಕೊಂಡ್ರೆ?”

“ಐದು ಪಾಲಿಗೂ ಆರು ಪಾಲಿಗೂ ನಡುವೆ ನೂರಕ್ಕೆ ಹತ್ತು ಇದೆ. ಅದರಲ್ಲೂ ಅರ್ಧ ಮಾಡಿ. ನಿಮಗೆ ಅಭ್ಯಾಸ ಇರೋದೇ.”

ಮಾಲೀಕರು ಫ್ಯಾನು ನೋಡಿದರು. ಜೇಬಿನಿಂದ ದುಡ್ಡು ವಾಪಸ್ ತೆಗೆಯುವ ಚಿತ್ರ ಅವರ ಕಣ್ಣ ಮುಂದೆ ಬಂದು ಹೋಗಿರಬೇಕು, ಮುಖ ಸಣ್ಣದಾಯಿತು. ಮೂವತ್ತು ವರ್ಷದಿಂದ ಎಲ್ಲರದ್ದನ್ನೂ ಎರಡು ಮಾಡಿದವರು ತಮ್ಮದೇ ನಿಯಮವನ್ನು ಎರಡು ಮಾಡಿದ್ದು ಅದೇ ಮೊದಲು. “ಇದನ್ನ ಹೊರಗೆ ಯಾರಿಗೂ ಹೇಳಬೇಡ,” ಎಂದು ಪೆನ್ನಿನ ಮುಚ್ಚಳ ತೆಗೆದರು.

ಲ್ಯಾಂಡಿ ಹೊರಗೆ ಬಂದು ಮೊದಲು ಗುರುವಾರದ ಟ್ಯೂಷನ್ ಹುಡುಗರಿಗೆ ಫೋನ್ ಮಾಡಿ, ಇನ್ನು ಪಾಠವಿಲ್ಲ ಎಂದಳು. ಮಂಗಳವಾರದವರಿಗೆ ಏನೂ ಹೇಳಲಿಲ್ಲ. ಜನವರಿ ಒಂದರಿಂದ ಅವಳ ಪಾಲು ನೂರಕ್ಕೆ ಐವತ್ತೈದು.